ಕಾಕಾನ ಪುಲ್ಲರ್

ಯಾದಗಿರಿಯ ಸಾವಕಾರರು ನನ್ನನ್ನು ಕರೆಸಿದ್ದು ಬೇಳೆ ಮಿಲ್ಲಿನ ಲಾರಿಗಳಿಗಾಗಿ ಅಲ್ಲವೆಂದು ಗೊತ್ತಾದದ್ದು ಗೋದಾಮಿನ ಬಾಗಿಲು ತೆಗೆದ ಮೇಲೆಯೇ. ತೊಗರಿ ಚೀಲಗಳ ಹಿಂದೆ, ತಾಡಪತ್ರಿಯ ಅಡಿಯಲ್ಲಿ ಅವರ ತಂದೆಯ ಕಾಲದ ಅಂಬಾಸಿಡರ್ ನಿಂತಿತ್ತು. ನಾಲ್ಕೂ ಟೈರು ನೆಲಕ್ಕೆ ಕುಸಿದಿದ್ದವು. ಹಿಂದಿನ ಸೀಟಿನಲ್ಲಿ ಇಲಿಗಳು ಸಂಸಾರ ಹೂಡಿ, ಮುಗಿಸಿ, ಬೇರೆ ಕಡೆ ಹೋಗಿಯೂ ಆಗಿತ್ತು.

"ಮಿಸ್ತ್ರಿ, ಹೊಸಾ ಲಾಡ್ಜ್ ದಸರಾಕ್ಕ ಚಾಲೂ ಮಾಡಾವ್ರಿದ್ದೀವಿ. ಅಪ್ಪಾರ ಗಾಡಿ ಅಲ್ಲಿ ಹೋಗಿ ನಿಂದರಬೇಕು" ಎಂದರು.

"ನಿಂದರಬೇಕೋ, ಓಡಬೇಕೋ ಸಾವಕಾರ್ರ?"

"ಓಡಲಾರದ ಗಾಡಿ ಹ್ಯಾಂಗ ಹೋಗಿ ನಿಂದರತದ? ಎಲ್ಲಾ ಬರೋಬರಿ ಮಾಡು. ಬ್ರೇಕ್ ಪಕ್ಕಾ ಹಿಡೀಬೇಕು."

ನಾನು ಆ ಮಾತನ್ನು ನಂಬಿದೆ. ಶಹಾಪುರದಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಈಗಿನ ಕಾರುಗಳು ಅಲ್ಲಿಗೆ ಬರುವುದು ಪಂಕ್ಚರಿಗೆ ಅಥವಾ ದಾರಿ ಕೇಳಲಿಕ್ಕೆ. ಹಳೆಯ ಗಾಡಿಯೊಂದನ್ನು ಪೂರ್ತಿಯಾಗಿ ಬಿಚ್ಚಿ ಕಟ್ಟುವ ಕೆಲಸ ಸಿಕ್ಕಿ ಎಷ್ಟೋ ವರ್ಷವಾಗಿತ್ತು. ದಸರಾಕ್ಕೆ ಐದು ವಾರ ಇತ್ತು. ಹಾಸಿಗೆ ಸುತ್ತಿಕೊಂಡು ಗೋದಾಮಿಗೇ ಬಂದುಬಿಟ್ಟೆ.

ಎಂಜಿನ್ನು ನನ್ನನ್ನು ಸತಾಯಿಸಲಿಲ್ಲ. ಪೆಟ್ರೋಲ್ ಟ್ಯಾಂಕ್ ಇಳಿಸಿ, ಒಳಗೆ ಜಲ್ಲಿ ಚೂರು ಹಾಕಿ ಅಲುಗಾಡಿಸಿ ತುಕ್ಕು ತೆಗೆದೆ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ. ಪಾಯಿಂಟ್ ಉಜ್ಜಿದೆ. ಪ್ಲಗ್ ತೂತುಗಳಲ್ಲಿ ಎಣ್ಣೆ ಬಿಟ್ಟು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಹ್ಯಾಂಡಲ್ ಹಾಕಿ ತಿರುಗಿಸಿದಾಗ ಕೆಮ್ಮಿತು, ಆಮೇಲೆ ಹಿಡಿಯಿತು. ಸಾವಕಾರರು ವೀಡಿಯೊ ಮಾಡಿಕೊಂಡರು.

ತೊಂದರೆ ಇದ್ದದ್ದು ಎಡಗಡೆಯ ಹಿಂದಿನ ಚಕ್ರದಲ್ಲಿ. ಡ್ರಮ್ ತೆಗೆದು ನೋಡಿದರೆ ಬ್ರೇಕ್ ಶೂಗಳು ಆಕ್ಸಲ್ ಎಣ್ಣೆಯಲ್ಲಿ ತೊಯ್ದುಹೋಗಿದ್ದವು. ಒಳಗಿನ ಆಯಿಲ್ ಸೀಲ್ ಹೋಗಿದೆ ಎಂದರ್ಥ. ಸೀಲ್ ಸಣ್ಣ ಸಾಮಾನು. ಆದರೆ ಅದನ್ನು ಮುಟ್ಟಬೇಕೆಂದರೆ ಮೊದಲು ಹಬ್ ಹೊರಗೆ ಬರಬೇಕು. ಹಬ್ ಅಂದರೆ ಚಕ್ರ ಕೂರುವ ಉಕ್ಕಿನ ತಟ್ಟೆ. ಆಕ್ಸಲ್ಲಿನ ತುದಿ ಒಂದಿಷ್ಟು ಚೂಪಾಗಿರುತ್ತದೆ, ಅದರ ಮೇಲೆ ಹಬ್ಬನ್ನು ಏರಿಸಿ ನಟ್ಟು ಬಿಗಿದಿರುತ್ತಾರೆ. ವರ್ಷಗಟ್ಟಲೆ ಭಾರ ಹೊತ್ತ ಮೇಲೆ ಎರಡೂ ಕಬ್ಬಿಣ ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಸುತ್ತಿಗೆಯಿಂದ ಬಡಿದರೆ ಬೇರಿಂಗ್ ಹಾಳು, ಕಾಯಿಸಿದರೆ ಉಕ್ಕಿನ ಹದ ಹಾಳು. ಅದಕ್ಕೆ ಹಿಡಿದು ಎಳೆಯುವ ಪುಲ್ಲರ್ ಬೇಕು.

ಸಾವಕಾರರು ಫೋನಿನಲ್ಲೇ ಒಂದು ಪುಲ್ಲರ್ ತರಿಸಿದರು. ಕೆಂಪು ಪೆಟ್ಟಿಗೆ, ಒಳಗೆ ಮಿರಮಿರ ಮಿಂಚುವ ಮೂರು ಕಾಲಿನದು. ಮೂರು ಕೊಕ್ಕೆಗಳನ್ನು ತಟ್ಟೆಯ ಅಂಚಿನ ಹಿಂದೆ ಸಿಕ್ಕಿಸಿ ನಡುವಿನ ಪೇಚು ತಿರುಗಿಸಬೇಕು. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇದು ಈ ಕೆಲಸದ್ದಲ್ಲ. ಮೂರೇ ಕಡೆ ಹಿಡಿದು ಎಳೆದರೆ ತಟ್ಟೆಯ ಅಂಚು ತಾಳುವುದಿಲ್ಲ. ಬಾಯಿಬಿಟ್ಟು ಹೇಳಬೇಕಿತ್ತು. ಸಾವಕಾರರು ಎದುರಿಗೆ ನಿಂತಿದ್ದರು, ಹೊಸ ಹತಾರದ ಮೇಲೆ ನನಗೂ ಸ್ವಲ್ಪ ಆಸೆ ಇತ್ತು. ನಟ್ಟು ತಿರುಗಿಸುವ ಪಾನಾಕ್ಕೆ ಪೈಪು ಸಿಕ್ಕಿಸಿ ತಿರುಗಿಸಿದೆ. ಹಬ್ ಕದಲಲಿಲ್ಲ. ಒಂದು ಕೊಕ್ಕೆ ಜಾರಿ ತಟ್ಟೆಯ ಅಂಚಿನಿಂದ ಉಗುರಿನಷ್ಟು ಚೂರು ಕಿತ್ತುಕೊಂಡು ಬಂತು. ಅರವತ್ತು ವರ್ಷ ಏನೂ ಆಗದಿದ್ದ ಉಕ್ಕನ್ನು ನಾನು ಒಂದು ಮಧ್ಯಾಹ್ನದಲ್ಲಿ ಮುಕ್ಕು ಮಾಡಿದೆ.

ಈ ಹಬ್ ತೆಗೆಯುವ ಪುಲ್ಲರ್ ನಮ್ಮ ಸೀಮೆಯಲ್ಲಿ ಒಂದೇ ಇತ್ತು. ಅದು ಇದ್ದದ್ದು ತಿಂಥಣಿಯಲ್ಲಿ, ನನಗೆ ಕೆಲಸ ಕಲಿಸಿದ ಕಾಕಾನ ಮನೆಯಲ್ಲಿ. ಕಾಕಾ ನಾರಾಯಣಪುರದ ಅಣೆಕಟ್ಟು ಪ್ರಾಜೆಕ್ಟಿನ ವರ್ಕ್‌ಶಾಪಿನಲ್ಲಿ ಮಿಸ್ತ್ರಿಯಾಗಿದ್ದ. ನಾನು ಅಲ್ಲಿ ದಿನಗೂಲಿಗೆ ಸೇರಿ ಅವನ ಕೈ ಕೆಳಗೆ ಪಾನಾ ಹಿಡಿಯಲು ಕಲಿತೆ. ಆಗ ಸಾಹೇಬರುಗಳ ಅಂಬಾಸಿಡರುಗಳಿಗೆ ಹತಾರ ಎಲ್ಲಿಂದ ಬರಬೇಕು? ಕಾಕಾ ತಾನೇ ಮಾಡಿಕೊಂಡ. ಹೆಬ್ಬೆರಳು ದಪ್ಪದ ಉಕ್ಕಿನ ದುಂಡು ಹಲಗೆ, ಚಕ್ರದ ಎಲ್ಲ ಬೋಲ್ಟುಗಳೂ ಒಟ್ಟಿಗೆ ಕೂರುವಂತೆ ಅದರಲ್ಲಿ ತೂತುಗಳು. ನಡುವೆ ಕಂಚಿನಂಥ ಗನ್‌ಮೆಟಲ್ಲಿನ ನಟ್ಟು, ಅದರೊಳಗೆ ಗುಜರಿಗೆ ಬಿದ್ದ ತೂಬಿನ ಗೇಟಿನಿಂದ ತೆಗೆದ ಚೌಕ ಹಲ್ಲಿನ ಪೇಚು. ಪೇಚಿನ ತುದಿಗೆ ಲಾರಿ ಬೇರಿಂಗಿನ ಒಂದು ಗುಂಡು ಕೂರಿಸಿದ್ದ, ಆಕ್ಸಲ್ಲಿನ ತಲೆಗೆ ಗಾಯವಾಗಬಾರದೆಂದು. ಒಂದು ತೂತು ಕೊರೆಯುವಾಗ ಕೈ ತಪ್ಪಿ ಪಕ್ಕಕ್ಕೆ ಹೋಗಿತ್ತು. ಅದನ್ನು ಅರದಿಂದ ಉಜ್ಜಿ ಮೊಟ್ಟೆಯಾಕಾರ ಮಾಡಿ ಸರಿಹೊಂದಿಸಿದ್ದ.

ಈಗ ಸಕ್ಕರೆ ಕಾಯಿಲೆಯಿಂದ ಕಾಕಾನ ಕಣ್ಣು ಪೂರಾ ಹೋಗಿವೆ. ಆದರೂ ಲಿಂಗಸುಗೂರು, ಸುರಪುರದ ಕಡೆಯಿಂದ ಹಳೆಯ ಗಾಡಿಯವರು ಅವನ ಅಂಗಳಕ್ಕೇ ಬರುತ್ತಿದ್ದರು. ಪುಲ್ಲರ್ ಅವನಲ್ಲಿತ್ತಲ್ಲ. ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು, ಹಲಗೆಯ ಮೇಲೆ ಒಂದು ಕೈ ಇಟ್ಟುಕೊಂಡು, ಬಂದವರ ಕೈಯಿಂದಲೇ ಪೇಚು ತಿರುಗಿಸುತ್ತಿದ್ದ. "ಸಾಕು, ನಿಲ್ಲು" ಎನ್ನುತ್ತಿದ್ದ. "ಈಗ ಒಂದು ಹೊಡಿ" ಎನ್ನುತ್ತಿದ್ದ. ಅಷ್ಟೇ ಅವನ ಕೆಲಸ. ಆ ಅಷ್ಟರಿಂದ ಅವನು ಇನ್ನೂ ಮಿಸ್ತ್ರಿಯಾಗಿ ಉಳಿದಿದ್ದ. ಅದಕ್ಕೇ ಅವನು ಪುಲ್ಲರನ್ನು ಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ. ಬೇಕಾದವರು ಗಾಡಿಯನ್ನೇ ತರಬೇಕು.

ನನ್ನ ಗಾಡಿ ತರುವ ಹಾಗಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ತಿಂಥಣಿಗೆ ಹೋಗಿ ಎದುರು ಕುಳಿತೆ.

"ಯಾದಗಿರಿತನಾ ಒಯ್ತೀ?" ಎಂದ ಕಾಕಾ.

"ಬ್ರೇಕ್ ಎಲ್ಲಾ ಬಿಚ್ಚೀನಿ, ಗಾಡಿ ತಳ್ಳಾಕ ಬರಂಗಿಲ್ರಿ ಕಾಕಾ. ಅಂಚು ಬ್ಯಾರೆ ಮುರದೀನಿ."

"ಯಾವುದರ್ಲೆ ಎಳದಿ?"

"ಮೂರು ಕಾಲಿನ ಪುಲ್ಲರ್ಲೆ."

ಕಾಕಾ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಕಿ ಒಳಗಿನಿಂದ, "ಕೊಡಬ್ಯಾಡ್ರಿ. ಒಯ್ದಾವರು ಒಯ್ದಂಗ ತಂದು ಕೊಟ್ಟಿದ್ದು ನಾ ಕಂಡಿಲ್ಲ" ಎಂದಳು. ಕಾಕಾ, "ಇವ ಒಯ್ದಾವ ಅಲ್ಲ, ನಮ್ಮಾವ" ಎಂದ. ಪುಲ್ಲರಿನ ಜೊತೆಗೆ ಸೀಲ್ ಕೂರಿಸುವ ಪೈಪಿನ ತುಂಡು, ಬ್ರೇಕ್ ಸ್ಪ್ರಿಂಗ್ ಎಳೆಯುವ ಕೊಂಡಿ, ಕ್ಲಚ್ ಪ್ಲೇಟನ್ನು ನಡುಮಧ್ಯಕ್ಕೆ ತರುವ ಜಾಲಿ ಕಟ್ಟಿಗೆಯ ಗೂಟ ಎಲ್ಲವನ್ನೂ ಹಳೆಯ ಧೋತರದಲ್ಲಿ ಸುತ್ತಿ ಕೊಟ್ಟ. "ಕೆಲಸ ಮುಗಿದ ದಿನ ತಂದುಬಿಡು" ಎಂದಷ್ಟೇ ಹೇಳಿದ.

ಮರುದಿನ ಹಲಗೆಯನ್ನು ಹಬ್ಬಿನ ಎಲ್ಲ ಬೋಲ್ಟುಗಳಿಗೂ ಬಿಗಿದೆ. ಆಕ್ಸಲ್ಲಿನ ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಬಿಟ್ಟೆ. ಹಾಗೆ ಬಿಡದಿದ್ದರೆ ಹಬ್ ಹಾರಿ ಎದೆಗೆ ಬಡಿಯುತ್ತದೆ. ಪೇಚು ತಿರುಗಿಸಿ, ಕೈ ಸೋತ ಮೇಲೆ ನಿಲ್ಲಿಸಿ, ಬೆಳಗಿನಿಂದ ಊಟದ ಹೊತ್ತಿನವರೆಗೆ ಹಾಗೇ ಬಿಟ್ಟೆ. ಎಳೆತದಲ್ಲಿ ಬಿಟ್ಟರೆ ಕಬ್ಬಿಣವೂ ದಣಿಯುತ್ತದೆ ಎಂದು ಕಾಕಾ ಹೇಳುತ್ತಿದ್ದ. ಊಟ ಮಾಡಿ ಬಂದು ಪೇಚಿನ ತಲೆಗೆ ಒಂದು ಏಟು ಹಾಕಿದೆ. ಹಬ್ ಕೈಗೆ ಬಂತು.

ಆಮೇಲಿನದು ಸಮಾಧಾನದ ಕೆಲಸ. ಮುಕ್ಕಾದ ತಟ್ಟೆಯನ್ನು ಶಹಾಪುರದ ಲೇಥಿಗೆ ಒಯ್ದು ಓರೆ ತೆಗೆಸಿದೆ. ಹೊಸ ಸೀಲನ್ನು ಕಾಕಾನ ಪೈಪಿನಿಂದ ತಟ್ಟಿ ತಟ್ಟಿ ಕೂರಿಸಿದೆ. ಶೂಗಳಿಗೆ ಹೊಸ ಲೈನರ್ ಹಾಕಿಸಿದೆ. ಸಲೈನಿನ ನಳಿಕೆಯನ್ನು ಬಾಟಲಿಗೆ ಇಳಿಬಿಟ್ಟು ನಾಲ್ಕೂ ಚಕ್ರಗಳ ಬ್ರೇಕಿನ ಗಾಳಿ ತೆಗೆದೆ. ಕೊನೆಗೆ ಮಿಲ್ಲಿನ ಆವರಣದಲ್ಲಿ ಗಾಡಿ ಓಡಿಸಿ ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರ ಒಂದೇ ಉಸಿರಿಗೆ ನಿಂತವು. ನೆಲದ ಮೇಲೆ ನಾಲ್ಕು ಗೆರೆ ಸಮ ಬಿದ್ದಿದ್ದನ್ನು ನಾನು ಕುಕ್ಕರುಗಾಲಲ್ಲಿ ಕುಳಿತು ಗೇಣು ಹಾಕಿ ನೋಡಿದೆ. ಅಷ್ಟು ಖುಷಿ ನನಗೆ ಬಹಳ ದಿನದಿಂದ ಆಗಿರಲಿಲ್ಲ.

ಕೆಲಸ ಮುಗಿದದ್ದು ಆಯುಧ ಪೂಜೆಯ ಹಿಂದಿನ ದಿನ. ಅವತ್ತೇ ತಿಂಥಣಿಗೆ ಹೋಗಬೇಕಿತ್ತು. ಹೋಗಲಿಲ್ಲ. ಕಾಕಾನ ಹತಾರಗಳಿಗೆ ಈ ಗಾಡಿಯ ಮುಂದೆಯೇ ಪೂಜೆ ಆಗಲಿ ಎಂಬ ಹುಚ್ಚು ಹಿಡಿಯಿತು. ಅದನ್ನು ಭಕ್ತಿ ಎಂದುಕೊಂಡಿದ್ದೆ. ಅದು ಜಂಭ ಎಂದು ಈಗ ಗೊತ್ತಿದೆ. ಗಾಡಿಯನ್ನು ಲಾಡ್ಜಿನ ಮುಂದಿನ ಹಜಾರಕ್ಕೆ ತಂದು ನಿಲ್ಲಿಸಿದ್ದರು. ಹತಾರಗಳನ್ನು ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಬಂಪರಿನ ಮುಂದೆ ಕೆಂಪು ವಸ್ತ್ರದ ಮೇಲೆ ಜೋಡಿಸಿದೆ. ವಿಭೂತಿ, ಕುಂಕುಮ, ಚೆಂಡುಹೂವು. ಬಂದ ಅತಿಥಿಗಳು ಇವೇನು, ಇವೇನು ಎಂದು ಕೇಳಿದರು. ಕಣ್ಣಿಲ್ಲದ ಒಬ್ಬ ಮಿಸ್ತ್ರಿ ಗುಜರಿಯಲ್ಲಿ ಮಾಡಿದ್ದು ಎಂದು ಪ್ರತಿಯೊಬ್ಬರಿಗೂ ಕಥೆ ಹೇಳಿದೆ. ಮಾಡುವಾಗ ಅವನಿಗೆ ಕಣ್ಣಿದ್ದವು. ಕಥೆ ಚೆನ್ನಾಗಿ ಬರಲೆಂದು ತಿರುಚಿದೆ. ಎಲ್ಲರೂ ಫೋಟೊ ತೆಗೆದುಕೊಂಡರು.

ಪೂಜೆಗೆ ಇಟ್ಟ ಹತಾರವನ್ನು ಬನ್ನಿ ಕೊಟ್ಟು ತಗೊಳ್ಳುವವರೆಗೆ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಹಾಗಾಗಿ ಅಲ್ಲೇ ಬಿಟ್ಟು ಶಹಾಪುರಕ್ಕೆ ಬಂದೆ. ಸಾವಕಾರರಿಗೆ ಒಂದು ಮಾತು ಹೇಳಬೇಕೆಂದು ಹೊಳೆಯಲೇ ಇಲ್ಲ. ಹತಾರ ಕೆಲಸದವನದು ಎಂದು ಬಾಯಿಬಿಟ್ಟು ಹೇಳುವುದುಂಟೇ? ಬನ್ನಿ ಮುಗಿಸಿ, ಮನೆಯಲ್ಲಿ ಎರಡು ದಿನ ಹಬ್ಬದೂಟ ಉಂಡು ಮಲಗಿ, ಮೂರನೆಯ ದಿನ ಯಾದಗಿರಿಗೆ ಹೋದೆ.

ಗಾಡಿ ಸುತ್ತ ಹಿತ್ತಾಳೆಯ ಕಂಬ, ಕೆಂಪು ಹಗ್ಗ. ಚಕ್ರಗಳು ನೆಲ ಮುಟ್ಟದ ಹಾಗೆ ನಾಲ್ಕು ಸ್ಟ್ಯಾಂಡಿನ ಮೇಲೆ ಏರಿಸಿದ್ದರು. ಬ್ಯಾಟರಿ ತೆಗೆದಿದ್ದರು, ಪೆಟ್ರೋಲ್ ಖಾಲಿ ಮಾಡಿದ್ದರು. ಪಕ್ಕದ ಗೋಡೆಯ ಮೇಲೆ ದೊಡ್ಡದೊಂದು ಕಬ್ಬಿಣದ ಚೌಕಟ್ಟು. ಅದರಲ್ಲಿ ಕಾಕಾನ ಹತಾರಗಳು. ಪೈಪಿನ ತುಂಡು, ಕೊಂಡಿ ಎಲ್ಲಕ್ಕೂ ವೆಲ್ಡಿಂಗ್ ಹೊಡೆದು ಅಂಟಿಸಿದ್ದರು. ಜಾಲಿ ಗೂಟಕ್ಕೆ ಮೊಳೆ. ಪುಲ್ಲರ್ ನಡುವೆ, ಸೂರ್ಯನ ಹಾಗೆ. ಎಲ್ಲದರ ಮೇಲೆ ಬಂಗಾರದ ಬಣ್ಣ, ಕೆಳಗೆ ಅಕ್ಷರ ಕೊರೆದ ಹಿತ್ತಾಳೆಯ ಫಲಕ.

ಸಾವಕಾರರು ನಗುತ್ತಲೇ ಬಂದರು. "ಹ್ಯಾಂಗದ ಮಿಸ್ತ್ರಿ? ಹೈದರಾಬಾದಿನಿಂದ ಡಿಸೈನ್‌ದವರು ಬಂದಿದ್ರು. ಮಂದಿ ಎಲ್ಲಾ ಇದನ್ನೇ ನೋಡ್ಲಾಕತ್ತಾರ."

"ಸಾವಕಾರ್ರ, ಇವು ನನ್ನವಲ್ರಿ. ತಿಂಥಣಿಗೆ ತಿರುಗಿ ಕೊಡಬೇಕು."

ಅವರ ಮುಖ ನಿಜವಾಗಿಯೂ ಸಪ್ಪಗಾಯಿತು. "ಗಾಡಿ ಮುಂದ ಇಟ್ಟು, ಪೂಜಾ ಮಾಡಿ, ಬಿಟ್ಟು ಹೋದಿ. ಗಾಡಿ ಜೋಡಿ ಕೊಟ್ಟೀ ಅಂತ ತಿಳಕೊಂಡೆ. ಬೇಡಾಂದ್ರ ಆವತ್ತೇ ಅನಬೇಕಿತ್ತಲ್ಲ" ಎಂದರು. ಆಮೇಲೆ, "ಆ ಕೆಂಪು ಪೆಟ್ಟಿಗಿಯಾಗಿನ ಹೊಸಾದು ಅದ ನೋಡು, ಅದನ್ನ ಒಯ್ದು ಕೊಡು ಅವರಿಗೆ" ಎಂದರು. ಕೆಟ್ಟ ಮನುಷ್ಯನಾಗಿದ್ದರೆ ಜಗಳ ಆಡಬಹುದಿತ್ತು. ಒಳ್ಳೆಯ ಮನಸ್ಸಿನಿಂದ ಹಾಳು ಮಾಡಿದವರ ಮುಂದೆ ಬಾಯಿ ಬರುವುದಿಲ್ಲ.

ಗ್ರೈಂಡರ್ ಗೋದಾಮಿನಲ್ಲೇ ಇತ್ತು. ತಂದು ಕೊಯ್ದು ಬಿಡಿಸಲೇ ಎಂದು ಚೌಕಟ್ಟಿನ ಹತ್ತಿರ ಹೋಗಿ ನೋಡಿದೆ. ವೆಲ್ಡಿಂಗಿನ ಕಾವಿಗೆ ಗನ್‌ಮೆಟಲ್ಲಿನ ನಟ್ಟು ಕರಗಿ ಪೇಚಿನ ಹಲ್ಲಿನೊಳಗೆ ಇಳಿದಿತ್ತು. ಬಿಡಿಸಿದರೂ ಅದು ಇನ್ನು ತಿರುಗುವ ಸಾಮಾನಲ್ಲ. ಇದು ನಿಜ. ಸಾವಕಾರರ ಆರು ಲಾರಿಗಳ ಕೆಲಸ ನನ್ನ ಕೈಯಲ್ಲಿತ್ತು ಎಂಬುದೂ ನಿಜ. ನಾನು ಯಾವ ನಿಜಕ್ಕೆ ಹೆದರಿ ಗ್ರೈಂಡರ್ ತರಲಿಲ್ಲವೋ, ಇವತ್ತಿಗೂ ನನಗೆ ಖಚಿತವಿಲ್ಲ. ಚೀಲದಿಂದ ವರ್ನಿಯರ್ ತೆಗೆದೆ. ಹಲಗೆಯ ದಪ್ಪ, ತೂತುಗಳ ಅಂತರ, ಪೇಚಿನ ಹಲ್ಲು ಎಲ್ಲವನ್ನೂ ಅಳೆದು ಚೀಟಿಯಲ್ಲಿ ಬರೆದುಕೊಂಡೆ. ನನ್ನ ಹಿಂದೆ ಒಂದು ಕುಟುಂಬ ಗಾಡಿಯ ಜೊತೆ ಫೋಟೊ ತೆಗೆಸಿಕೊಳ್ಳಲು ನಾನು ಸರಿಯಲಿ ಎಂದು ಕಾಯುತ್ತಿತ್ತು.

ಶಹಾಪುರದ ಲೇಥಿನವನ ಪಕ್ಕದಲ್ಲೇ ಕುಳಿತು ನಾಲ್ಕು ದಿನದಲ್ಲಿ ಇನ್ನೊಂದು ಮಾಡಿಸಿದೆ. ಚೌಕ ಹಲ್ಲು ಕೊರೆಯಲು ಒಂದೂವರೆ ದಿನ ಹಿಡಿಯಿತು. ಗನ್‌ಮೆಟಲ್ ತುಂಡಿಗಾಗಿ ಗುಜರಿ ಅಂಗಡಿಗಳನ್ನು ಅಲೆದೆ. ಗುಂಡು ಕೂರಿಸಿದೆ. ಅಲ್ಲಿಗೆ ನಿಲ್ಲಿಸಿ, ಹೋಗಿ ನಡೆದದ್ದನ್ನು ಹೇಳಿದ್ದರೆ ಮನುಷ್ಯನಾಗಿ ಉಳಿಯುತ್ತಿದ್ದೆ. ನಾನು ಹಲಗೆಗೆ ಉಪ್ಪುನೀರು ಬಳಿದು ತುಕ್ಕು ಹಿಡಿಸಿದೆ, ಹಳೆಯ ಎಂಜಿನ್ ಎಣ್ಣೆಯಲ್ಲಿ ನೆನೆಸಿ ತುಕ್ಕನ್ನು ಸವರಿದೆ. ಅಂಚುಗಳಿಗೆ ಸುತ್ತಿಗೆಯ ಏಟು ಹಾಕಿದೆ. ಕೊನೆಗೆ ಒಂದು ತೂತನ್ನು ಬೇಕೆಂದೇ ಪಕ್ಕಕ್ಕೆ ಕೊರೆದು, ಅರ ಹಿಡಿದು ಮೊಟ್ಟೆಯಾಕಾರ ಮಾಡಿದೆ. ಲೇಥಿನವನು, "ಇದ್ಯಾಕ ಕೆಡಸಾಕತ್ತೀದಿ ಅಣ್ಣಾ?" ಎಂದು ಕೇಳಿದ. ನಿನ್ನ ಕೆಲಸ ನೋಡು ಎಂದು ರೇಗಿದೆ.

ತಿಂಥಣಿಯಲ್ಲಿ ಕಾಕಾ ಗಂಟು ಬಿಚ್ಚಿಸಿ ಪುಲ್ಲರನ್ನು ತೊಡೆಯ ಮೇಲೆ ಇಟ್ಟುಕೊಂಡ. ಅಂಗೈಯಿಂದ ಹಲಗೆ ಸವರಿದ. ಹೆಬ್ಬೆರಳು ಒಂದೊಂದೇ ತೂತಿನೊಳಗೆ ಹೋಗಿ ಬಂದು, ಮೊಟ್ಟೆಯಾಕಾರದ್ದರಲ್ಲಿ ನಿಂತಿತು. ಅಲ್ಲಿ ಬಹಳ ಹೊತ್ತು ಇತ್ತು.

"ಚಲೋ ಐತಿ" ಎಂದ. "ಒಳಗ ಇಡು."

ಉಳಿದ ಸಾಮಾನು ಎಲ್ಲಿ ಎಂದು ಕೇಳಲಿಲ್ಲ. ಕಾಕಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಹೊಟ್ಟೆ ತುಂಬ ಉಂಡೆ. ಸೇತುವೆಯ ಹತ್ತಿರ ಬಸ್ಸಿಗೆ ಕಾಯುವಾಗ, ಗೊತ್ತಾಗಲಿಲ್ಲ ಬಿಡು ಎಂದು ಹಗುರಾದೆ. ಆ ಹಗುರನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಹದಿನೈದು ದಿನ ಕಳೆದಿರಬೇಕು. ಕೊಡೇಕಲ್ಲಿನ ಕಿರಾಣಿ ಅಂಗಡಿಯವರೊಬ್ಬರು ತಮ್ಮ ಹಳೆಯ ಅಂಬಾಸಿಡರನ್ನು ಟ್ರ್ಯಾಕ್ಟರಿಗೆ ಕಟ್ಟಿ ನನ್ನ ಗ್ಯಾರೇಜಿಗೆ ತಂದರು. ಅದೇ ಎಡಗಡೆ ಚಕ್ರ, ಅದೇ ಎಣ್ಣೆ. ಇಳಿದವರ ಕೈಯಲ್ಲಿ ಧೋತರದ ಗಂಟು ಇತ್ತು. "ತಿಂಥಣಿಗೆ ಹೋಗಿದ್ವಿರಿ. ಮಿಸ್ತ್ರಿ ಮುಟ್ಟಲಿಲ್ಲ. ಇದನ್ನ ಮಾಡಿದಾವ ಶಹಾಪುರದಾಗ ಅದಾನ, ಅವನ ಕಡೆ ಒಯ್ರಿ ಅಂದ" ಎಂದರು.

ಗಂಟು ಬಿಚ್ಚಿದೆ. ಹಲಗೆ ಬಿಗಿದೆ, ಪೇಚು ತಿರುಗಿಸಿದೆ, ಕಾದೆ, ಹೊಡೆದೆ. ಈ ಪುಲ್ಲರ್ ಕೆಲಸ ಮಾಡದಿರಲಿ, ಹಲ್ಲು ಕಿತ್ತು ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಹೊಡೆದೆ. ನನ್ನ ಜೀವಮಾನದಲ್ಲಿ ನನ್ನದೇ ಕೆಲಸ ಕೆಡಲಿ ಎಂದು ಬೇಡಿಕೊಂಡದ್ದು ಅದೊಂದೇ ಸಲ. ಹಬ್ ಸರಾಗವಾಗಿ ಬಂತು.

ಗಂಟು ಹಿಡಿದುಕೊಂಡು ತಿಂಥಣಿಗೆ ಹೋದೆ. ಬೇವಿನ ಗಿಡದ ಕೆಳಗೆ, ಗಾಡಿ ನಿಲ್ಲುವ ಜಾಗದಲ್ಲಿ ಕಾಕಿ ಮೆಣಸಿನಕಾಯಿ ಒಣಹಾಕಿದ್ದಳು. ಕಾಕಾ ಕುರ್ಚಿಯಲ್ಲಿದ್ದ.

"ಕೊಡೇಕಲ್ಲಿನ ಗಾಡಿ ಹಬ್ ಬಂತೇನು?"

"ಬಂತ್ರಿ."

"ಹಂಗಾದ್ರ ಪೇಚು ಚಲೋ ಕೊರಸೀದಿ." ಆಮೇಲೆ, "ಆ ಒಂದು ತೂತು ನಾ ಕೈ ತಪ್ಪಿ ಕೆಡಸಿದ್ದೆ. ನೀ ತಿಳದು ತಿಳದು ಕೆಡಸೀದಿ. ಯಾಕೋ?" ಎಂದ.

ಯಾದಗಿರಿಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಪೂಜೆ, ವೆಲ್ಡಿಂಗು, ಬಂಗಾರದ ಬಣ್ಣ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಏರಿಸಿದ್ದನ್ನೂ ಹೇಳಿದೆ. ಗಂಟನ್ನು ಅವನ ಕಾಲ ಬಳಿ ಇಟ್ಟೆ.

"ಇದನ್ನ ಇಲ್ಲೇ ಇಟ್ಕೋರಿ ಕಾಕಾ. ಮಂದಿ ಮೊದಲಿನಂಗ ಬರತಾರ."

"ನನ್ನ ಹತಾರಕ್ಕ ಬರತಿದ್ರು. ಇನ್ನ ಬಂದ್ರ ಕನಿಕರಕ್ಕ ಬರತಾರ. ಒಯ್ದಬಿಡು." ಆಮೇಲೆ ಕೇಳಿದ, "ಅಲ್ಲಿ ಗ್ವಾಡಿ ಮ್ಯಾಲೆ ಏನರೆ ಬರದಾರೇನು?"

"ಬರದಾರ್ರಿ."

"ಯಾರ ಹೆಸರು?"

ಎರಡು ವಾರದ ಹಿಂದೆ ಅಷ್ಟು ಕಷ್ಟಪಟ್ಟು ಕಬ್ಬಿಣದಲ್ಲಿ ಸುಳ್ಳು ಕೊರೆದವನು, ಆ ಹೊತ್ತಿಗೆ ಬೇಕಾಗಿದ್ದ ಒಂದು ಸಣ್ಣ ಸುಳ್ಳನ್ನು ಹೇಳಲಾರದೆ ಹೋದೆ. "ಸಾವಕಾರ್ರ ಅಪ್ಪಾರದು. ಅವರ ಹತಾರ ಅಂತ ಬರದಾರ್ರಿ" ಎಂದೆ.

ಕಾಕಾ ತಲೆ ಆಡಿಸಿದ. ಮುಖದಲ್ಲಿ ಸಿಟ್ಟೂ ಇರಲಿಲ್ಲ. "ಬಸ್ಸಿಗೆ ಹೊತ್ತಾತು ನಿನಗ" ಎಂದ.

ಆಗ ಹನ್ನೆರಡೂವರೆ. ಒಳಗೆ ಕಾಕಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಮೂವತ್ತು ವರ್ಷದಲ್ಲಿ ಆ ಮನೆಯಿಂದ ಉಂಡು ಹೋಗು ಎನ್ನಿಸಿಕೊಳ್ಳದೆ ನಾನು ಹೊರಟದ್ದು ಅದೇ ಮೊದಲು. ಗಂಟು ಎತ್ತಿಕೊಂಡು ನಿಧಾನವಾಗಿ ನಡೆದೆ. ಕಾಕಿಯಾದರೂ ಕರೆದಾಳೆಂದು ಸೇತುವೆಯವರೆಗೂ ಕಿವಿ ಹಿಂದೆಯೇ ಇತ್ತು. ಯಾರೂ ಕರೆಯಲಿಲ್ಲ.